ನಾನು ಕೆಲಸದವಳಲ್ಲ ಎಂದು ತೀರ್ಮಾನವಾದ ವರ್ಷ

ಸೀಮೆಎಣ್ಣೆಯ ವಾಸನೆ ಬಂದರೆ ಇವತ್ತಿಗೂ ನನ್ನ ಬಲಗೈಯಲ್ಲಿ ಇಲ್ಲದ ಬೆರಳುಗಳು ತಣ್ಣಗಾಗುತ್ತವೆ. ಮೊನ್ನೆ ಬನಶಂಕರಿ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಸೈಕಲ್ ಅಂಗಡಿಯವನೊಬ್ಬ ತಗಡಿನ ತಟ್ಟೆಗೆ ಸೀಮೆಎಣ್ಣೆ ಸುರಿದುಕೊಂಡು ಹಳೇ ಚೈನೊಂದನ್ನು ತಿಕ್ಕುತ್ತಿದ್ದ. ನಾನು ತರಕಾರಿ ಚೀಲ ಹಿಡಿದುಕೊಂಡು ಅವನ ಮುಂದೆ ನಿಂತುಬಿಟ್ಟಿದ್ದೆ. "ಏನಾಂಟಿ, ಪಂಕ್ಚರ್ರಾ?" ಎಂದು ಅವನು ತಲೆಯೆತ್ತಿ ಕೇಳಿದಾಗಲೇ ಎಚ್ಚರವಾದದ್ದು. ನನ್ನ ಬಳಿ ಸೈಕಲ್ಲೇ ಇರಲಿಲ್ಲ. ಏನಿಲ್ಲಪ್ಪ ಎಂದು ಹೇಳಿ ಮುಂದೆ ನಡೆದೆ. ಮನೆ ಸೇರುವವರೆಗೂ ಬಲಗೈಯನ್ನು ಸೆರಗಿನೊಳಗೇ ಇಟ್ಟುಕೊಂಡಿದ್ದೆ.

ಆ ವಾಸನೆ ನನ್ನ ಕಸುಬಿನ ವಾಸನೆ. ಚಿಕ್ಕಲಸಂದ್ರದ ಒಂದು ಪುಟ್ಟ ಪ್ರೆಸ್ಸಿನಲ್ಲಿ ನಾನು ಅಚ್ಚುಮೊಳೆ ಜೋಡಿಸುತ್ತಿದ್ದೆ. ಮದುವೆ ಕಾರ್ಡು, ವೈಕುಂಠ ಸಮಾರಾಧನೆಯ ಪತ್ರ, ದೇವಸ್ಥಾನದ ಕರಪತ್ರ, ಚಂದಾ ರಸೀದಿ ಪುಸ್ತಕ, ಹೀಗೆ ಬಂದದ್ದೆಲ್ಲ ನನ್ನ ಕೈಯಲ್ಲಿ ಅಕ್ಷರ ಅಕ್ಷರವಾಗಿ ಕೂತು ಮಷಿನ್ನಿಗೆ ಹೋಗುತ್ತಿತ್ತು. ಅಚ್ಚಾದ ಮೇಲೆ ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಮತ್ತೆ ಅವುಗಳ ಮನೆಗಳಿಗೆ ಹಾಕುವುದು. ಅಪ್ಪ ತೀರಿಕೊಂಡ ವರ್ಷ, ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವ ಮೊದಲೇ ಸೇರಿದವಳು ನಾನು. ಮೂವತ್ತು ದಾಟಿದರೂ ಅಲ್ಲೇ ಇದ್ದೆ. ಮದುವೆಯ ಮಾತು ಒಂದೆರಡು ಸಲ ಬಂದು ಹೋಗಿತ್ತು. ಮನೆಯಲ್ಲಿ ನಾನು, ಅಮ್ಮ ಇಬ್ಬರೇ.

ಪ್ರೆಸ್ಸಿನ ಯಜಮಾನರನ್ನು ಎಲ್ಲರೂ ಮೂರ್ತಿಯವರು ಎಂದೇ ಕರೆಯುತ್ತಿದ್ದರು. ಅವರ ಮನೆಯ ಕೆಳಗಿನ ಅಂತಸ್ತೇ ಪ್ರೆಸ್ಸು. ಹಣೆಗೆ ಗಂಧ ಇಟ್ಟುಕೊಂಡು, ಪಂಚೆ ಎತ್ತಿ ಕಟ್ಟಿ, ನನಗೆ ಮೊದಲ ಸಲ ಮೊಳೆ ಹಿಡಿಯುವುದನ್ನು ಕಲಿಸಿದವರು ಅವರೇ. ಹನ್ನೊಂದು ಗಂಟೆಗೆ ಮೇಲಿನಿಂದ ಅವರ ಹೆಂಡತಿ ಕಾಫಿ ಕಳಿಸುತ್ತಿದ್ದರು. ಹಬ್ಬಕ್ಕೆ ಸೀರೆ, ಊಟ. ಯಾರಾದರೂ ಬಂದು ಈ ಹುಡುಗಿ ಯಾರು ಎಂದು ಕೇಳಿದರೆ ಮೂರ್ತಿಯವರು ನಗುತ್ತಾ, "ನಮ್ಮನೆ ಹುಡುಗಿ ಕಣ್ರೀ" ಎನ್ನುತ್ತಿದ್ದರು. ಆ ಮಾತಿಗೆ ನಾನು ಎಷ್ಟು ಹಿಗ್ಗುತ್ತಿದ್ದೆನೆಂದರೆ, ಸಂಬಳ ಹೆಚ್ಚು ಮಾಡಿ ಎಂದು ಕೇಳಲು ಬಾಯೇ ಬರುತ್ತಿರಲಿಲ್ಲ. ಹಾಜರಿ ಹಾಕುವ ಪದ್ಧತಿ ಅಲ್ಲಿರಲಿಲ್ಲ. ಶನಿವಾರ ಸಂಜೆ ಕವರು ಕೊಡುವುದು, ನಮಸ್ಕಾರ ಹೇಳಿ ಬರುವುದು, ಅಷ್ಟೇ.

ನಾನು ಹೇಳಹೊರಟಿರುವುದು ತೊಂಬತ್ತರ ದಶಕದ ಕೊನೆಯ ಒಂದು ವರ್ಷದ ಮಾತು. ಒಂದು ಶ್ರಾವಣದಿಂದ ಮುಂದಿನ ಶ್ರಾವಣದವರೆಗೆ.

ಅದಕ್ಕೆ ಮುಂಚಿನ ಬೇಸಿಗೆಯಲ್ಲೇ ಪ್ರೆಸ್ಸಿನ ಮುಂದಿನ ಕೋಣೆಗೆ ಕಂಪ್ಯೂಟರ್ ಬಂದಿತ್ತು. ಮೂರ್ತಿಯವರ ತಂಗಿಯ ಮಗ ಅದರ ಮುಂದೆ ಕೂತು, ನನಗೆ ಅರ್ಧ ದಿನ ಹಿಡಿಯುತ್ತಿದ್ದ ಕೆಲಸವನ್ನು ಒಂದು ಸಿನಿಮಾ ಹಾಡು ಮುಗಿಯುವಷ್ಟರಲ್ಲಿ ಮುಗಿಸುತ್ತಿದ್ದ. ಮೊಳೆಯ ಕೇಸುಗಳ ಮೇಲೆ ಧೂಳು ಕೂರತೊಡಗಿತು. ಒಂದು ದಿನ ಮೂರ್ತಿಯವರು ನನ್ನನ್ನು ಕರೆದು, "ಮೊಳೆ ಕಾಲ ಮುಗೀತು ಸರೋಜಾ. ಹಾಗಂತ ನಿನ್ನ ಬೀದಿಗೆ ಬಿಡ್ತೀನಾ? ಹಿಂದೆ ಶಾಂತನ ಜೊತೆ ಬೈಂಡಿಂಗ್ ನೋಡ್ಕೋ" ಎಂದರು. ಆವತ್ತು ನಾನು ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ.

ಶಾಂತಾ ಗದಗಿನ ಕಡೆಯವಳು. ಗಂಡ, ಮಗಳೊಂದಿಗೆ ಪ್ರೆಸ್ಸಿನ ಹಿಂದಿನ ಒಂದೇ ಕೋಣೆಯಲ್ಲಿದ್ದಳು. ಗಂಡ ರಾತ್ರಿ ಕಾವಲು, ಅವಳು ಹಗಲು ಬೈಂಡಿಂಗ್, ಅದಕ್ಕೆ ಬದಲಾಗಿ ಆ ಕೋಣೆಗೆ ಬಾಡಿಗೆ ಇಲ್ಲ. ನನಗಿಂತ ಐದಾರು ವರ್ಷ ಚಿಕ್ಕವಳು. ಹಾಳೆ ಮಡಿಸುತ್ತಾ ಕೂತರೆ ಅವಳ ಬಾಯಿಗೂ ಬಿಡುವಿರಲಿಲ್ಲ. ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ತಂದು, "ನಿಮ್ಮ ಬೆಂಗಳೂರಾಗ ಉಣ್ಣೂದಕ್ಕ ಏನೈತ್ರಿ ಅಕ್ಕಾ, ಬರೇ ಅನ್ನ ನೀರು" ಎಂದು ನನ್ನ ಡಬ್ಬಿಯನ್ನು ಆಡಿಕೊಂಡು, ಅದರಲ್ಲಿನ ಅನ್ನ ತಾನು ತಿಂದು ರೊಟ್ಟಿ ನನಗೆ ಕೊಡುತ್ತಿದ್ದಳು.

ಗಣೇಶನ ಹಬ್ಬ ಹತ್ತಿರ ಬಂತೆಂದರೆ ಪ್ರೆಸ್ಸಿಗೆ ಸುಗ್ಗಿ. ಬನಶಂಕರಿ, ಪದ್ಮನಾಭನಗರ, ಉತ್ತರಹಳ್ಳಿಯ ಹುಡುಗರೆಲ್ಲ ಚಂದಾ ರಸೀದಿ ಬೇಕು ಎಂದು ಬಂದು ಕೂರುತ್ತಿದ್ದರು. ಮಷಿನ್ನು ಓಡಿಸುತ್ತಿದ್ದ, ಕಾಗದ ಕತ್ತರಿಸುತ್ತಿದ್ದ ಹನುಮಂತಪ್ಪ ಅದೇ ವಾರ ಕಾಮಾಲೆಯಾಗಿ ಊರಿಗೆ ಹೋಗಿದ್ದ. ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಮೂರ್ತಿಯವರು ಹಿಂದಿನ ಹಾಲಿಗೆ ಬಂದು ಕಟಿಂಗ್ ಮಷಿನ್ನಿನ ಪಕ್ಕದಲ್ಲಿ ರಾಶಿ ಬಿದ್ದಿದ್ದ ರಸೀದಿಗಳನ್ನು ನೋಡಿದರು.

"ಸರೋಜಾ, ಇದಿಷ್ಟು ಕಟ್ ಮಾಡಿಬಿಡು. ಮಧ್ಯಾಹ್ನ ಹುಡುಗರು ಬರ್ತಾರೆ."

"ನಂಗೆ ಆ ಮಷಿನ್ ಅಭ್ಯಾಸ ಇಲ್ವಲ್ಲ ಸಾರ್."

"ಇಷ್ಟು ವರ್ಷದಿಂದ ನೋಡ್ತಿಲ್ವಾ? ಕಾಗದ ಇಡೋದು, ಪೆಡಲ್ ಒತ್ತೋದು. ಏನ್ ರಾಕೆಟ್ಟಾ ಅದು?"

ಪಕ್ಕದಲ್ಲೇ ಅಂಟು ಹಚ್ಚುತ್ತಾ ಕೂತಿದ್ದ ಶಾಂತಾ, "ಸಾವ್ಕಾರ್ರ, ಅಕ್ಕಾವ್ರಿಗೆ ಬ್ಯಾಡ್ರಿ, ಹನುಮಂತಪ್ಪ ಬರ್ಲಿ ತಡೀರಿ" ಎಂದಳು. ಮೂರ್ತಿಯವರು ಅವಳ ಮಾತು ಕೇಳಿಸದವರಂತೆ ಮೇಲಕ್ಕೆ ಹೋದರು.

ನಾನು ನಿಧಾನವಾಗಿಯೇ ಮಾಡುತ್ತಿದ್ದೆ. ಕೈಗೆ ಅಡ್ಡವಾಗಿ ಇರಬೇಕಾದ ಕಬ್ಬಿಣದ ತಡೆ ಆ ಮಷಿನ್ನಿನಲ್ಲಿ ಇರಲಿಲ್ಲ. ಕೆಲಸ ತಡವಾಗುತ್ತದೆಂದು ಅದನ್ನು ಯಾವಾಗಲೋ ಬಿಚ್ಚಿಟ್ಟಿದ್ದರು. ಒಂದು ಕಟ್ಟು ಇಟ್ಟು ಪೆಡಲ್ ಒತ್ತಿದೆ. ಬ್ಲೇಡು ಇಳಿಯುವ ಮೊದಲೇ ಕರೆಂಟ್ ಹೋಯಿತು. ಮಳೆಗಾಲದಲ್ಲಿ ನಮಗೆ ಅದು ಮಾಮೂಲು. ಹಾಳೆಗಳು ಸ್ವಲ್ಪ ವಾರೆಯಾಗಿದ್ದವು. ಸರಿಮಾಡೋಣವೆಂದು ಬಲಗೈಯನ್ನು ಬ್ಲೇಡಿನ ಕೆಳಗೆ ಚಾಚಿದೆ. ಕರೆಂಟ್ ಬಂತು.

ಬ್ಲೇಡು ಬಿದ್ದ ಸದ್ದು ಕೇಳಿಸಲಿಲ್ಲ. ಶಾಂತಾ ಕೂಗಿದ್ದು ಕೇಳಿಸಿತು. ಅವಳು ಅಂಟು ಮೆತ್ತಿದ ಕೈಯಲ್ಲೇ ತನ್ನ ಸೀರೆಯ ಸೆರಗು ಹರಿದು ನನ್ನ ಕೈಗೆ ಸುತ್ತಿದಳು. ಸುತ್ತುತ್ತಾ, "ನೋಡಬ್ಯಾಡ್ರಿ ಅಕ್ಕಾ, ನನ್ನ ಮಾರಿ ನೋಡ್ರಿ, ಇಲ್ಲೆ ನೋಡ್ರಿ" ಎನ್ನುತ್ತಿದ್ದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಮೇಜಿನ ಮೇಲಿನ ರಸೀದಿಗಳೆಲ್ಲ ಕೆಂಪಾಗಿದ್ದವು.

ಜಯನಗರದ ಆಸ್ಪತ್ರೆಗೆ ಆಟೋದಲ್ಲಿ ನನ್ನನ್ನು ಎತ್ತಿಕೊಂಡು ಹೋದವರು ಮೂರ್ತಿಯವರೇ. ಇದನ್ನು ನಾನು ಮರೆಮಾಚುವುದಿಲ್ಲ. ಅವರ ಬಿಳಿ ಪಂಚೆ ಪೂರ್ತಿ ನೆನೆದುಹೋಗಿತ್ತು, ಅವರು ಅಳುತ್ತಿದ್ದರು. ಆಸ್ಪತ್ರೆಯಲ್ಲಿ ಚೀಟಿ ಬರೆಯುವವರು ರೋಗಿ ಯಾರು, ಏನಾಯಿತು ಎಂದು ಕೇಳಿದಾಗ, "ನಮ್ಮ ಸಂಬಂಧಿ, ನಮ್ಮ ಮನೇಲಿ ಕೈ ಕತ್ತರಿಸ್ಕೊಂಡ್ಳು" ಎಂದರು. ಆ ನೋವಿನಲ್ಲೂ ನನಗೆ ಅದು ಕೇಳಿಸಿತು. ನಾನು ಅನಾಥಳಲ್ಲ, ಇವರು ನನ್ನನ್ನು ಕೈಬಿಡುವುದಿಲ್ಲ ಎಂದುಕೊಂಡು ಕಣ್ಣು ಮುಚ್ಚಿದೆ.

ಎಚ್ಚರವಾದಾಗ ನಾಲ್ಕು ಬೆರಳು ಇರಲಿಲ್ಲ. ಹೆಬ್ಬೆರಳೊಂದು ಉಳಿದಿತ್ತು.

ಆಸ್ಪತ್ರೆಯ ಖರ್ಚನ್ನೆಲ್ಲ ಮೂರ್ತಿಯವರೇ ನೋಡಿಕೊಂಡರು. ಅವರ ಹೆಂಡತಿ ದಿನವೂ ಸಾರನ್ನ ಕಳಿಸಿದರು. ಮನೆಗೆ ಬಂದ ಮೇಲೂ ಒಂದು ತಿಂಗಳು ಶನಿವಾರದ ಕವರು ಬಂತು, ಆಮೇಲೆ ನಿಂತಿತು. ನವರಾತ್ರಿಯಲ್ಲಿ ಅಮ್ಮ ಹೋಗಿ ಕೇಳಿದಳು. "ಎಷ್ಟು ದಿನ ಅಂತ ಕೊಡೋಕಾಗುತ್ತಮ್ಮಾ? ನಾನೇನು ಫ್ಯಾಕ್ಟ್ರಿ ಇಟ್ಟಿದೀನಾ? ನನ್ನ ಕೈಲಾದ್ದು ಮಾಡಿದೀನಿ" ಎಂದರಂತೆ. ಅಮ್ಮ ವಾಪಸ್ಸು ಬಂದು ಹೊಸಲ ಮೇಲೆ ಕೂತವಳು ಕತ್ತಲಾದರೂ ಏಳಲಿಲ್ಲ.

ಅದು ಎಂಥ ಚಳಿಗಾಲ ಎಂದು ಹೇಗೆ ಹೇಳಲಿ. ರವಿಕೆಯ ಹುಕ್ಕು ಹಾಕುವುದಕ್ಕೆ ಅಮ್ಮ ಬೇಕು, ಜಡೆ ಹಾಕುವುದಕ್ಕೆ ಅಮ್ಮ ಬೇಕು. ಮೊದಮೊದಲು ಅಮ್ಮನೇ ತುತ್ತು ಕೊಡುತ್ತಿದ್ದಳು. ಆಮೇಲೆ ಎಡಗೈಯಲ್ಲಿ ತಿನ್ನಲು ಕಲಿತೆ. ಪಕ್ಕದ ಮನೆಯಲ್ಲಿ ಅರಿಶಿನ ಕುಂಕುಮಕ್ಕೆ ಕರೆದಿದ್ದರು. ತಾಂಬೂಲ ಕೊಡಲು ಬಂದ ಆಕೆ ನಾನು ಚಾಚಿದ ಎಡಗೈಯನ್ನು ನೋಡಿ ಒಂದು ಕ್ಷಣ ತಡೆದರು. ತಪ್ಪು ಅವರದಲ್ಲ. ಆದರೆ ಆ ಒಂದು ಕ್ಷಣದ ನಂತರ ನಾನು ಯಾರ ಮನೆಗೂ ಹೋಗಲಿಲ್ಲ. ಇಲ್ಲದ ಬೆರಳುಗಳು ಬೆಳಗಿನ ಚಳಿಗೆ ಸೆಳೆಯುತ್ತಿದ್ದವು. ಅವು ತಮ್ಮ ಪಾಡಿಗೆ ತಾವು ಮೊಳೆ ಹುಡುಕುತ್ತಿವೆ ಎನ್ನಿಸಿ, ಹುಚ್ಚು ಹಿಡಿಯುತ್ತದೇನೋ ಎಂದು ಹೆದರುತ್ತಿದ್ದೆ.

ಇ.ಎಸ್.ಐ.ಗೆ ಹೋಗಿ ಕೇಳು ಎಂದು ಯಾರೋ ಹೇಳಿದರು. ಹೋದೆ. ನಮ್ಮ ಪ್ರೆಸ್ಸಿನಷ್ಟು ಚಿಕ್ಕ ಜಾಗಗಳಿಗೆ ಅದು ಇಲ್ಲವಂತೆ. ಅಲ್ಲಿ ಕೌಂಟರಿನಲ್ಲಿದ್ದ ಹೆಂಗಸು ಮಾತ್ರ ನನ್ನ ಕೈ ನೋಡಿ, "ಸುಮ್ನೆ ಕೂತ್ಕೋಬೇಡಿ. ಪರಿಹಾರದ ಕೇಸು ಹಾಕ್ಬೋದು. ಜೆ.ಪಿ. ನಗರದಲ್ಲಿ ಭಾನುವಾರ ಲಾಯರ್ ಮೇಡಂ ಒಬ್ರು ಫ್ರೀಯಾಗಿ ನೋಡ್ತಾರೆ" ಎಂದು ದಾರಿ ಹೇಳಿದರು.

ಆ ಲಾಯರು ವಸಂತಾ ಮೇಡಂ. ಒಂದು ಶಾಲೆಯ ಕೋಣೆಯಲ್ಲಿ, ಮಕ್ಕಳ ಬೆಂಚಿನ ಮೇಲೆ ಕೂತು ಜನರ ಕಷ್ಟ ಕೇಳುತ್ತಿದ್ದರು. ನಲವತ್ತರ ಆಸುಪಾಸು, ಕೂದಲು ಆಗಲೇ ಅರ್ಧ ನರೆತಿತ್ತು. ನಾನು ಹೇಳಿದ್ದನ್ನೆಲ್ಲ ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡು, "ತಪ್ಪು ಯಾರದು ಅನ್ನೋದು ಇಲ್ಲಿ ಅಷ್ಟು ಮುಖ್ಯ ಅಲ್ಲ ಸರೋಜಾ. ನೀವು ಅವರ ಕೆಲಸದವರು, ಅವರ ಕೆಲಸ ಮಾಡೋವಾಗ ಕೈ ಹೋಯ್ತು. ಇವೆರಡು ತೋರಿಸಿದ್ರೆ ಅವರು ಪರಿಹಾರ ಕೊಡಲೇಬೇಕು" ಎಂದರು.

"ಅವ್ರು ಆಸ್ಪತ್ರೆ ಖರ್ಚು ನೋಡ್ಕೊಂಡಿದಾರೆ ಮೇಡಂ. ಈಗ ಕೇಸು ಅಂದ್ರೆ..."

"ಅದು ಅವರ ಒಳ್ಳೇತನ. ಇದು ಬೇರೆ. ಒಳ್ಳೇತನ ಬೇಡ ಅನ್ನಿಸಿದಾಗ ನಿಲ್ಲಿಸಬಹುದು, ನಿಲ್ಲಿಸಿದ್ರಲ್ಲ? ಕಾನೂನು ಹಾಗೆ ನಿಲ್ಲೋ ಹಾಗಿಲ್ಲ."

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಷ್ಟು ತಿಂಗಳಲ್ಲಿ ಆವತ್ತು ಮೊದಲ ಸಲ ಅಮ್ಮ ಚಿತ್ರಾನ್ನ ಮಾಡಿದಳು.

ಡಾಕ್ಟರರ ಸರ್ಟಿಫಿಕೇಟಿಗೆ ಓಡಾಡಿದೆವು. ಕಾಯ್ದೆಯಲ್ಲಿ ಪ್ರತಿಯೊಂದು ಬೆರಳಿಗೂ ಇಂತಿಷ್ಟು ಎಂದು ಬರೆದಿದೆಯೆಂದು ಆಗ ತಿಳಿಯಿತು. ತೋರುಬೆರಳಿಗೆ ಇಷ್ಟು, ಕಿರುಬೆರಳಿಗೆ ಇಷ್ಟು, ಗಂಟಿನಿಂದ ಮೇಲಾದರೆ ಬೇರೆ, ಕೆಳಗಾದರೆ ಬೇರೆ. ಡಾಕ್ಟರು ಅಳತೆ ಪಟ್ಟಿ ಇಟ್ಟು ನೋಡಿ, "ಹೆಬ್ಬೆರಳು ಉಳಿದಿದೆ, ಲಕ್ಕಿ" ಎಂದರು. ಅವರು ಕೆಟ್ಟ ಮನುಷ್ಯರಲ್ಲ, ಸಮಾಧಾನಕ್ಕೆ ಹೇಳಿದರು.

ಕಾರ್ಮಿಕರ ಪರಿಹಾರದ ಕಮಿಷನರ ಮುಂದೆ ಮೇಡಂ ಅರ್ಜಿ ಹಾಕಿದರು. ಸಂಕ್ರಾಂತಿ ಕಳೆದ ಮೇಲೆ ಅದಕ್ಕೆ ಮೂರ್ತಿಯವರ ಕಡೆಯಿಂದ ಉತ್ತರ ಬಂತು. ವಸಂತಾ ಮೇಡಂ ಅದನ್ನು ಓದಿ, ಕನ್ನಡಕ ತೆಗೆದಿಟ್ಟು ನನಗೆ ಬಿಡಿಸಿ ಹೇಳಿದರು. ಸರೋಜಾ ಎಂಬಾಕೆ ಹಿಂದೆ ನಮ್ಮಲ್ಲಿ ಮೊಳೆ ಜೋಡಿಸುತ್ತಿದ್ದುದು ನಿಜ. ಕಂಪ್ಯೂಟರ್ ಬಂದ ಮೇಲೆ ಆ ಕೆಲಸ ಇಲ್ಲದ್ದರಿಂದ ಬೇಸಿಗೆಯಲ್ಲೇ ಆಕೆಯನ್ನು ಬಿಡಿಸಲಾಗಿತ್ತು. ಆದರೂ ಆಕೆ ನಮ್ಮ ಮನೆಯ ಹುಡುಗಿಯಂತೆ ಬಂದು ಹೋಗಿ ಮಾಡುತ್ತಿದ್ದಳು. ಆ ದಿನ ಹಬ್ಬದ ಮಾತಾಡಿಕೊಂಡು ಹೋಗಲು ಬಂದವಳು, ಯಾರೂ ಹೇಳದೆ, ತನ್ನಷ್ಟಕ್ಕೆ ತಾನೇ ಮಷಿನ್ನಿಗೆ ಕೈ ಹಾಕಿದಳು.

"ಹಾಗಂತ ಅವ್ರೇ ಹೇಳಿದಾರಾ? ಅವರ ಬಾಯಲ್ಲೇ?" ಎಂದು ಕೇಳಿದೆ.

"ಸಹಿ ಅವರದೇ ಇದೆ" ಎಂದರು ಮೇಡಂ. ಆಮೇಲೆ, "ಅವತ್ತು ಅಲ್ಲಿ ಇನ್ಯಾರು ಇದ್ರು?" ಎಂದರು.

ತಂಗಿಯ ಮಗ ಮುಂದಿನ ಕೋಣೆಯಲ್ಲಿದ್ದ. ಅವನು ಮಾವನ ಮಾತು ಬಿಟ್ಟು ಹೇಳುವವನಲ್ಲ. ಹನುಮಂತಪ್ಪ ಊರಿನಲ್ಲಿದ್ದ, ಕಾಮಾಲೆ ಹೆಚ್ಚಾಗಿ ಅಲ್ಲೇ ತೀರಿಕೊಂಡ ಸುದ್ದಿ ಆಗಲೇ ಬಂದಿತ್ತು. ಉಳಿದವಳು ಶಾಂತಾ ಒಬ್ಬಳೇ.

ಅವಳೇ ಒಂದು ಸಂಜೆ ನಮ್ಮ ಮನೆಗೆ ಬಂದಳು. ಮಗಳನ್ನೂ ಕರೆತಂದಿದ್ದಳು. ನಾನು ಕೇಳುವ ಮೊದಲೇ ಅವಳಾಗಿ ಹೇಳಿದಳು. "ಕೋರ್ಟ್ನಾಗ ನಾ ಹೇಳ್ತೀನ್ರಿ ಅಕ್ಕಾ. ಕಂಡದ್ದು ಕಂಡಂಗ ಹೇಳಾಕ ಏನ್ ಹೆದರಿಕಿ? ಅವ್ರು ನಿಮಗ ಕಟ್ ಮಾಡು ಅಂದದ್ದು ನನ್ನ ಎರಡೂ ಕಿವೀಲೆ ಕೇಳೀನಿ." ಅಮ್ಮ ಅವಳ ಎರಡೂ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡಳು.

ಬೇಸಿಗೆ ಪೂರ್ತಿ ಕಮಿಷನರ ಕಚೇರಿಯ ಮೊಗಸಾಲೆಯಲ್ಲಿ ಕಳೆಯಿತು. ಅಲ್ಲಿ ಉದ್ದನೆಯ ಒಂದು ಬೆಂಚು. ಅದರ ಮೇಲೆ ನನ್ನಂಥವರೇ ಕೂತಿರುತ್ತಿದ್ದರು. ಕಟ್ಟಡದ ಸಾರುವೆಯಿಂದ ಬಿದ್ದವನ ಹೆಂಡತಿ, ಬಾಯ್ಲರಿನಲ್ಲಿ ಮುಖ ಸುಟ್ಟುಕೊಂಡ ಹುಡುಗ. ಯಾರೂ ಯಾರನ್ನೂ ಏನಾಯಿತು ಎಂದು ಕೇಳುತ್ತಿರಲಿಲ್ಲ, ಕಾಣುತ್ತಿತ್ತು. ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ, ಸಾಹೇಬರಿಗೆ ಚುನಾವಣೆ ಡ್ಯೂಟಿ, ಎದುರು ಲಾಯರಿಗೆ ಹುಷಾರಿಲ್ಲ ಎಂದು ಮುಂದಕ್ಕೆ ಹೋಗುತ್ತಿತ್ತು. ಮೂರ್ತಿಯವರು ಪ್ರತಿ ಸಲವೂ ತಪ್ಪದೆ ಬರುತ್ತಿದ್ದರು. ನನ್ನನ್ನು ಕಂಡು ಮುಖ ತಿರುಗಿಸುತ್ತಲೂ ಇರಲಿಲ್ಲ. "ಚೆನ್ನಾಗಿದೀಯಾ ಸರೋಜಾ? ಅಮ್ಮ ಹೇಗಿದಾರೆ? ಕಾಫಿ ಕುಡೀತೀಯಾ?" ಎನ್ನುತ್ತಿದ್ದರು. ಅವರ ದನಿ ಮೊದಲಿನ ಹಾಗೇ ಇತ್ತು, ಅದೇ ನನ್ನನ್ನು ಕೊಲ್ಲುತ್ತಿದ್ದುದು. ಒಂದು ಸಲ ಬೈದಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತು.

ನನ್ನನ್ನು ಪ್ರಶ್ನೆ ಮಾಡಿದ ದಿನ ಸೆಕೆ ಬಹಳ ಇತ್ತು. ಅವರ ಲಾಯರು ವಯಸ್ಸಾದವರು, ಬಹಳ ಮೆತ್ತಗೆ ಮಾತಾಡುತ್ತಿದ್ದರು.

"ಯುಗಾದಿಗೆ ಇವರ ಮನೇಲಿ ಊಟ ಮಾಡಿದೀರಮ್ಮಾ?"

"ಹೌದು ಸಾರ್."

"ವರಮಹಾಲಕ್ಷ್ಮಿಗೆ ಸೀರೆ ಕೊಟ್ಟಿದಾರಾ?"

"ಕೊಟ್ಟಿದಾರೆ."

"ಇವರ ಮಗಳ ಮದುವೇಲಿ ಓಡಾಡಿ ಬಡಿಸಿದೀರಂತೆ. ಅದಕ್ಕೆ ಸಂಬಳ ತಗೊಂಡ್ರಾ?"

"ಇಲ್ಲ ಸಾರ್, ಅದಕ್ಕೆ ಯಾರಾದ್ರೂ..."

"ಹೌದು ಇಲ್ಲ ಅಷ್ಟೇ ಹೇಳಿಯಮ್ಮಾ. ಆಸ್ಪತ್ರೇಲಿ ಇವರು ನಿಮ್ಮನ್ನ ಸಂಬಂಧಿ ಅಂತ ಬರೆಸಿದ್ರು. ನಿಮಗೆ ಅದು ಕೇಳಿಸ್ತಾ?"

"ಕೇಳಿಸ್ತು."

"ಅಲ್ಲ, ನಾನು ಇವರ ಕೆಲಸದವಳು ಅಂತ ನೀವು ಹೇಳಿದ್ರಾ?"

ನಾನು ಹಾಗೆ ಹೇಳಿರಲಿಲ್ಲ. ಆವತ್ತು ಆ ಒಂದು ಮಾತನ್ನು ಹಿಡಿದುಕೊಂಡೇ ನಾನು ಕಣ್ಣು ಮುಚ್ಚಿದ್ದು. ಅದನ್ನೇ ಈಗ ನನ್ನ ಮುಂದೆ ಇಟ್ಟು ಉತ್ತರ ಕೇಳುತ್ತಿದ್ದರು. "ಇಲ್ಲ" ಎಂದೆ. ಕಮಿಷನರ ಪಕ್ಕದಲ್ಲಿದ್ದ ಟೈಪಿಸ್ಟ್ ಅದನ್ನು ಟೈಪು ಮಾಡಿದಳು. ಅವರು ಕೊಟ್ಟ ಒಂದೊಂದು ಊಟ, ಒಂದೊಂದು ಸೀರೆ, ಒಂದೊಂದು ಲೋಟ ಕಾಫಿ ಹೀಗೆ ಸಾಲಾಗಿ ಬಂದು ನನ್ನ ವಿರುದ್ಧ ನಿಂತಿತು. ಅವರು ಕೊಡುವಾಗ ಇದಕ್ಕೆಂದು ಕೊಟ್ಟಿರಲಿಲ್ಲ, ನಾನು ತೆಗೆದುಕೊಳ್ಳುವಾಗ ಇದಕ್ಕೆಂದು ತೆಗೆದುಕೊಂಡಿರಲಿಲ್ಲ. ಆದರೂ ಅದು ಹಾಗೇ ಆಯಿತು.

ಹೊರಗೆ ಬಂದಾಗ ವಸಂತಾ ಮೇಡಂ ನನ್ನ ಭುಜ ಹಿಡಿದು, "ಇರಲಿ. ಶಾಂತಾ ಬಂದು ಹೇಳಿದ್ರೆ ಇದೆಲ್ಲ ನಿಲ್ಲಲ್ಲ. ಅವರೊಬ್ರು ಸಾಕು" ಎಂದರು.

ಶಾಂತಾ ಬಂದ ದಿನ ಮುಂಗಾರಿನ ಮೊದಲ ಮಳೆಯಾಗಿತ್ತು. ಅವಳು ಹೊಸ ಸೀರೆ ಉಟ್ಟಿದ್ದಳು. ಗಂಡನೊಂದಿಗೆ ಬಂದು ಮೊಗಸಾಲೆಯ ಆ ತುದಿಯಲ್ಲಿ ನಿಂತಳು, ನಮ್ಮ ಬೆಂಚಿನ ಕಡೆ ಬರಲಿಲ್ಲ. ಆಗಲೇ ನನಗೆ ಗೊತ್ತಾಯಿತು. ಅಮ್ಮನಿಗೆ ಗೊತ್ತಾಗಲಿಲ್ಲ. ಅಮ್ಮ ಅವಳತ್ತ ನೋಡಿ ಕೈ ಬೀಸುತ್ತಿದ್ದಳು.

ವಸಂತಾ ಮೇಡಂ ಕೇಳಿದರು. "ಅವತ್ತು ಸರೋಜಾ ಅವರಿಗೆ ಕಟಿಂಗ್ ಮಾಡು ಅಂತ ಹೇಳಿದ್ದು ಯಾರಮ್ಮ?"

ಶಾಂತಾ ತಲೆ ಬಗ್ಗಿಸಿದ್ದಳು.

"ನಂಗ ಗೊತ್ತಿಲ್ರಿ."

"ನೀವು ಪಕ್ಕದಲ್ಲೇ ಕೂತಿದ್ರಲ್ಲ?"

"ಅವತ್ತ ನಾ ಕೆಲಸಕ್ಕ ಬಂದಿರಲಿಲ್ರಿ. ಮಗಳಿಗೆ ಜ್ವರ ಇತ್ರಿ. ಮನ್ಯಾಗ ಇದ್ದೆ."

"ಶಾಂತಾ, ಇಲ್ಲಿ ನೋಡಿ. ಅವರ ಕೈಗೆ ಸೀರೆ ಹರಿದು ಕಟ್ಟಿದ್ದು ನೀವೇ ಅಲ್ವಾ?"

ಕಮಿಷನರು ಪೆನ್ನು ಕೆಳಗಿಟ್ಟು ಕಾದರು. ಮೂರ್ತಿಯವರು ಕಿಟಕಿಯ ಹೊರಗೆ ನೋಡುತ್ತಿದ್ದರು. "ಅಲ್ರಿ" ಎಂದಳು ಶಾಂತಾ. "ಯಾರ್ ಕಟ್ಟಿದ್ರೋ ನಂಗ ಗೊತ್ತಿಲ್ರಿ."

ಮೆಟ್ಟಿಲ ಹತ್ತಿರ ಅವಳು ನನಗೆ ಎದುರಾದಳು. ನಾನು ಏನನ್ನೂ ಕೇಳಬೇಕೆಂದಿರಲಿಲ್ಲ. ಆದರೂ ಬಾಯಿಂದ, "ಯಾಕೆ ಶಾಂತಾ?" ಎಂದು ಬಂದುಬಿಟ್ಟಿತು. ಅವಳು ಗೋಡೆಯ ಕಡೆ ತಿರುಗಿ ನಿಂತಳು. "ನಾಳೆ ಖೋಲಿ ಖಾಲಿ ಮಾಡು ಅಂದ್ರಿ ಅಕ್ಕಾ. ಇವ್ರ ಕೆಲಸಾನೂ ಹೋಗ್ತಿತ್ತು. ಮಗಳ ಕರಕೊಂಡು ಎಲ್ಲಿ ಹೋಗ್ಲಿ? ಊರಾಗ ನಮಗ ಯಾರದಾರ?" ಎಂದಳು. ಆಮೇಲೆ, "ನನ್ನ ಮಾರಿ ನೋಡಬ್ಯಾಡ್ರಿ" ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡು ಗಂಡನ ಹಿಂದೆ ಇಳಿದು ಹೋದಳು.

ಅವಳ ಮೇಲೆ ನನಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ನನ್ನ ಬೆರಳಿಗೂ ಅವಳ ಮಗಳ ತಲೆಯ ಮೇಲಿನ ಸೂರಿಗೂ ಯಾರೋ ತಕ್ಕಡಿ ಹಿಡಿದಿದ್ದರು, ಅವಳು ಏನು ಮಾಡಿಯಾಳು ಎಂದುಕೊಂಡೆ. ಅಮ್ಮ ಮಾತ್ರ ಸಾಯುವವರೆಗೂ ಅವಳ ಹೆಸರೆತ್ತಲಿಲ್ಲ. ಆ ಕೋಣೆಯಾದರೂ ಅವಳಿಗೆ ಉಳಿಯಿತೇ ಎಂದರೆ ಅದೂ ಇಲ್ಲ. ಎರಡು ವರ್ಷ ಕಳೆಯುವುದರೊಳಗೆ ಮೂರ್ತಿಯವರು ಆ ಜಾಗವನ್ನು ಅಪಾರ್ಟ್‌ಮೆಂಟಿಗೆ ಕೊಟ್ಟು ಪ್ರೆಸ್ಸು ಮುಚ್ಚಿದರು. ಶಾಂತಾ, ಅವಳ ಗಂಡ, ಮಗಳು ಬೇಗೂರಿನ ಕಡೆ ಎಲ್ಲೋ ಹೋದರೆಂದು ಕೇಳಿದೆ. ಮತ್ತೆ ನಾನು ಅವಳನ್ನು ನೋಡಲಿಲ್ಲ.

ಶ್ರಾವಣ ಹುಟ್ಟಿದಾಗ ಆದೇಶ ಬಂತು. ಇಂಥ ಕೇಸುಗಳು ಎಷ್ಟೋ ವರ್ಷ ಎಳೆಯುತ್ತವೆ, ನಿಮ್ಮದು ಬೇಗ ಮುಗಿಯಿತು ಎಂದು ಬೆಂಚಿನ ಮೇಲಿದ್ದವರು ಹೇಳಿದರು. ಅರ್ಜಿದಾರಳು ಆ ದಿನ ಎದುರುದಾರರ ಕೆಲಸದಲ್ಲಿದ್ದಳೆಂದು ಸಾಬೀತಾಗಿಲ್ಲವಾದ್ದರಿಂದ ಅರ್ಜಿ ವಜಾ. ಕಮಿಷನರು ಅದನ್ನು ಓದಿ ಹೇಳುವಾಗ ನನ್ನ ಕಡೆ ಒಮ್ಮೆ ನೋಡಿದರು. ಅವರಿಗೂ ಗೊತ್ತಿತ್ತು ಎಂದು ನನಗೆ ಅನ್ನಿಸಿತು. ಗೊತ್ತಿದ್ದು ಏನು ಮಾಡುವುದು, ಅವರ ಮುಂದೆ ಟೈಪಾಗಿ ಇದ್ದದ್ದು ಅಷ್ಟೇ.

ವಸಂತಾ ಮೇಡಂ ಸ್ಕೂಟರಿನ ಹತ್ತಿರ ನಿಂತು ಬಹಳ ಹೊತ್ತು ಬೀಗದ ಕೈ ಹುಡುಕುತ್ತಿದ್ದರು. ಅದು ಅವರ ಕೈಯಲ್ಲೇ ಇತ್ತು. "ಹೈಕೋರ್ಟಿಗೆ ಹೋಗಬಹುದು ಸರೋಜಾ. ಆದ್ರೆ ಅಲ್ಲಿ ಹೊಸದಾಗಿ ಸಾಕ್ಷಿ ಕೇಳಲ್ಲ. ಇದೇ ಕಾಗದ ಇಟ್ಕೊಂಡು ವಾದ ಮಾಡಬೇಕು. ನಾನು ಸುಳ್ಳು ಆಸೆ ಹುಟ್ಟಿಸಲ್ಲ" ಎಂದರು. ಅವರ ಕಣ್ಣು ಕೆಂಪಾಗಿತ್ತು. ನನಗಾಗಿ ಅತ್ತವರಲ್ಲಿ ಅವರೂ ಒಬ್ಬರು. ಸಾಕು ಮೇಡಂ ಎಂದೆ. ಅಂಥ ಇನ್ನೊಂದು ಮೊಗಸಾಲೆಯಲ್ಲಿ ಕಾಯುವ ಶಕ್ತಿ ನನ್ನಲ್ಲಿರಲಿಲ್ಲ.

ಆದೇಶದ ಪ್ರತಿ ತೆಗೆದುಕೊಂಡಿರಿ, ಯಾವತ್ತಾದರೂ ಬೇಕಾದೀತು ಎಂದು ಅವರೇ ಹೇಳಿದ್ದರಿಂದ ವಾರ ಬಿಟ್ಟು ಒಬ್ಬಳೇ ಹೋದೆ. ಕೌಂಟರಿನ ಗುಮಾಸ್ತರು ರಿಜಿಸ್ಟರ್ ಮುಂದೆ ತಳ್ಳಿದರು. ಎಡಗೈಯಲ್ಲಿ ಪೆನ್ನು ಹಿಡಿದು ನನ್ನ ಹೆಸರು ಬರೆದೆ. ಅದು ಮೂರು ದಿಕ್ಕಿಗೆ ಸೊಟ್ಟಗಾಯಿತು. ಅವರು ಅದನ್ನು ಅರ್ಜಿಯಲ್ಲಿ ನಾನು ಎಡಗೈಯಲ್ಲೇ ಹಾಕಿದ್ದ ಸಹಿಯೊಂದಿಗೆ ಹೋಲಿಸಿ, "ಇದು ಅದರ ಥರ ಇಲ್ವಲ್ಲಮ್ಮ" ಎಂದರು. ಆಮೇಲೆ ನನ್ನ ಬಲಗೈ ಅವರ ಕಣ್ಣಿಗೆ ಬಿತ್ತು. ಸ್ಟ್ಯಾಂಪ್ ಪ್ಯಾಡಿನ ಮುಚ್ಚಳ ತೆಗೆದು ಮುಂದಿಟ್ಟರು. "ಹೆಬ್ಬೆಟ್ಟು ಇದೆಯಲ್ಲ, ಒತ್ತಿಬಿಡಿ."

ಒತ್ತಿದೆ. ಹದಿನೈದಕ್ಕೂ ಹೆಚ್ಚು ವರ್ಷ ಅಕ್ಷರಗಳ ನಡುವೆ ಬದುಕಿದವಳು ನಾನು.

ಬಸ್ಸಿಳಿದು ಮನೆಗೆ ಬರುವಷ್ಟರಲ್ಲಿ ಸಂಜೆಯಾಗಿತ್ತು. ಅಮ್ಮ ಹೂಬತ್ತಿ ಹೊಸೆಯುತ್ತಾ ಕೂತಿದ್ದಳು. ನನ್ನ ಬಲಗೈ ಹೆಬ್ಬೆರಳಿನ ನೇರಳೆ ಬಣ್ಣ ನೋಡಿ ಹತ್ತಿ ಬಿಟ್ಟು ಎದ್ದುನಿಂತಳು. ಅಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಅವಳ ಬದುಕಿನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡದ್ದು ಎರಡೇ ಕಡೆ. ಅಪ್ಪ ಹೋದ ಮೇಲೆ ಅವನ ಕಂಪನಿಯವರು ಬಾಕಿ ಕೊಟ್ಟಾಗ, ಮತ್ತು ತಿಂಗಳು ತಿಂಗಳು ಪೋಸ್ಟ್‌ಮ್ಯಾನ್ ವಿಧವಾ ವೇತನ ತಂದಾಗ.

"ಕೊಟ್ರಾ ಸರೋಜಾ?" ಎಂದಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಆ ವರ್ಷ ಪೂರ್ತಿ ನೋಡಿರಲಿಲ್ಲ. "ಆ ಮೇಡಂ ಕೊಡಿಸಿದ್ರಾ? ನಂಗೊತ್ತಿತ್ತು ಕಣೇ, ಹಂಗೆ ಬಿಡಲ್ಲ ಅವ್ರು."

"ಇಲ್ಲಮ್ಮ."

"ಮತ್ತೆ ಹೆಬ್ಬೆಟ್ಟು ಒತ್ತಿಸ್ಕೊಂಡಿದಾರೆ?"

"ಕೊಡಲ್ಲ ಅಂತ ಬರ್ದಿರೋ ಕಾಗದ ಅಮ್ಮ. ಅದನ್ನ ತಗೊಳ್ಳೋಕೂ ಒತ್ತಬೇಕಂತೆ."

ಅಮ್ಮ ನನ್ನನ್ನು ನೋಡುತ್ತಾ ನಿಂತಳು. ಮಾತು ಅರ್ಥವಾಗುವುದಕ್ಕೆ ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದಳು, ನನ್ನನ್ನು ಹೊಸಲ ಮೇಲೆ ಕೂರಿಸಿ, ಬಲಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಸೆರಗಿನ ತುದಿಯನ್ನು ಒದ್ದೆ ಮಾಡಿ ಆ ಹೆಬ್ಬೆರಳನ್ನು ಉಜ್ಜತೊಡಗಿದಳು. ಶಾಯಿ ಹೋಗಲಿಲ್ಲ. ಸೋಪು ತಂದು ಉಜ್ಜಿದಳು. ಚರ್ಮ ಕೆಂಪಾಗಿ ಉರಿಯತೊಡಗಿತು.

"ಸಾಕು ಬಿಡಮ್ಮ, ಉರೀತಿದೆ" ಎಂದೆ.

ಅಮ್ಮ ಬಿಡಲಿಲ್ಲ.